ಗಾಲಿ ಎಣಿಸುವ ಯಂತ್ರ, ಲೆಕ್ಕಕ್ಕೆ ಸಿಗದ ಗಾಡಿ

ಕಬ್ಬಿನ ಹಂಗಾಮಿನಲ್ಲಿ, ಡಿಸೆಂಬರಿನ ಒಂದು ರಾತ್ರಿ, ಹುನಗುಂದದ ಬಳಿ ಹೆದ್ದಾರಿಯ ಮೇಲೆ ಏನೇನು ಓಡುತ್ತದೆ ಎಂದು ಪಟ್ಟಿ ಮಾಡಿ ನೋಡಿ. ಸೊಲ್ಲಾಪುರದ ಕಡೆಯಿಂದ ಹೊಸಪೇಟೆಗೆ ಇಳಿಯುವ ಹದಿನಾಲ್ಕು ಗಾಲಿಯ ಲಾರಿ, ಇಳಕಲ್ಲಿನ ಕೆಂಪು ಗ್ರಾನೈಟಿನ ಒಂದೇ ಬ್ಲಾಕು ಹೊತ್ತ ಉದ್ದನೆಯ ಟ್ರೇಲರ್, ಬೆಂಗಳೂರಿನ ಸ್ಲೀಪರ್ ಬಸ್ಸು, ಕೂಡಲಸಂಗಮಕ್ಕೆ ಹೊರಟ ಕ್ರೂಸರ್, ಸಂತೆ ಮುಗಿಸಿ ಮರಳುವ ಟಂಟಂ, ಮೂವರು ಕೂತ ಬೈಕು. ಇವೆಲ್ಲದರ ನಡುವೆ ಎರಡು ಟ್ರೇಲರ್ ಕಟ್ಟಿಕೊಂಡು, ಎರಡೂ ಬದಿಗೆ ಕಬ್ಬಿನ ಸೋಗೆ ಚಾಚಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ತೆವಳುವ ಟ್ರ್ಯಾಕ್ಟರ್. ಯಾವುದು ಯಾವ ಗಾಡಿ ಎಂದು ಊರಿನ ಹುಡುಗರು ಕತ್ತಲಲ್ಲಿ ಸದ್ದು ಕೇಳಿಯೇ ಹೇಳಿಬಿಡುತ್ತಾರೆ. ಹೆದ್ದಾರಿಯ ಯಂತ್ರಗಳಿಗೆ ಮಾತ್ರ ಇದು ಇಂದಿಗೂ ಪೂರ್ತಿ ಒಲಿಯದ ವಿದ್ಯೆ.

ಬಾಗಲಕೋಟೆ ಜಿಲ್ಲೆಯನ್ನು ಎರಡು ದೊಡ್ಡ ರಸ್ತೆಗಳು ಉತ್ತರ ದಕ್ಷಿಣವಾಗಿ ಸೀಳಿಕೊಂಡು ಹೋಗುತ್ತವೆ. ಪೂರ್ವಕ್ಕೆ ವಿಜಯಪುರ, ಹುನಗುಂದ, ಇಳಕಲ್, ಕುಷ್ಟಗಿ, ಹೊಸಪೇಟೆ ದಾರಿ. ಹಿಂದೆ ಇದು 13ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ, ಈಗ 50. ಪಶ್ಚಿಮಕ್ಕೆ ವಿಜಯಪುರದಿಂದ ಗದ್ದನಕೇರಿ ಕ್ರಾಸು, ಕೆರೂರು, ಕುಳಗೇರಿ ಕ್ರಾಸು ಹಾದು ಹುಬ್ಬಳ್ಳಿಗೆ ಹೋಗುವ 52. ಇವೆರಡನ್ನೂ ಅಡ್ಡ ಹಾಯುವುದು ಬೆಳಗಾವಿಯಿಂದ ಬಾಗಲಕೋಟೆ, ಹುನಗುಂದ ಮೂಲಕ ರಾಯಚೂರಿಗೆ ಹೋಗುವ ಹಳೆಯ ರಸ್ತೆ. 50ನೇ ಹೆದ್ದಾರಿಯನ್ನು ಹುನಗುಂದದ ಆಚೆ ಈಚೆ ಸುಮಾರು 97 ಕಿಲೋಮೀಟರಿನ ಎರಡು ತುಂಡುಗಳಾಗಿ, ಖಾಸಗಿಯವರು ಕಟ್ಟಿ ಸುಂಕದಿಂದ ಹಣ ಮರಳಿ ಪಡೆಯುವ ಕರಾರಿನ ಮೇಲೆ ಚತುಷ್ಪಥ ಮಾಡಲಾಯಿತು. ಇಳಕಲ್ ದಾಟಿ ದಕ್ಷಿಣಕ್ಕೆ ಹೋದವರಿಗೆ ವಣಗೇರಿಯ ಟೋಲ್ ಗೊತ್ತು, ಮುಂದೆ ಕೊಪ್ಪಳದ ಕಡೆ ಹಿಟ್ನಾಳದ್ದು ಗೊತ್ತು. ಇಂಥ ಟೋಲ್‌ಗಳ ಕಂಬಗಳಲ್ಲಿ, ಲೇನುಗಳ ನೆಲದೊಳಗೆ, ನಮ್ಮ ಲೇಖನದ ವಿಷಯ ಹೂತು ಕೂತಿದೆ.

ಸುಂಕ ಈ ಸೀಮೆಗೆ ಹೊಸದಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯೇ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದ ಮೂಲಸ್ಥಾನ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಗಾಡಿಯಲ್ಲಿ ಬಂದ ಸರಕಿಗೆ ಒಂದು ದರ, ಎತ್ತಿನ ಹೇರಿಗೆ ಒಂದು, ತಲೆಹೊರೆಗೆ ಇನ್ನೊಂದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬ ವಚನಕಾರನೇ ಇದ್ದ. ಅವನ ಕಾಯಕ ಹೆಸರಿನಲ್ಲೇ ಇದೆ. ಅವನ ಕಾಲದಲ್ಲಿ ಗುರುತಿಸುವುದೂ ವರ್ಗ ಮಾಡುವುದೂ ವಸೂಲಿ ಮಾಡುವುದೂ ಒಬ್ಬನದೇ ಕಣ್ಣು, ಒಬ್ಬನದೇ ಕೈ. ಆಧುನಿಕ ತಂತ್ರಜ್ಞಾನ ಮಾಡಿದ್ದು ಈ ಮೂರು ಕೆಲಸಗಳನ್ನು ಬೇರೆ ಬೇರೆ ಮಾಡಿದ್ದು. ವಸೂಲಿ ಬ್ಯಾಂಕಿಗೆ ಹೋಯಿತು. ಗುರುತು ಗಾಜಿನ ಮೇಲಿನ ಚೀಟಿಗೆ ಹೋಯಿತು. ವರ್ಗ ಮಾಡುವ ಕೆಲಸ ಮಾತ್ರ ಯಾರದು ಎಂಬುದು ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ.

ಗುರುತಿನ ವಿಷಯ ಮೊದಲು ಮುಗಿಸೋಣ, ಏಕೆಂದರೆ ಅದು ಹೆಚ್ಚುಕಡಿಮೆ ಬಗೆಹರಿದ ಪ್ರಶ್ನೆ. 2010ರಲ್ಲಿ ನಂದನ್ ನಿಲೇಕಣಿ ಅವರ ಅಧ್ಯಕ್ಷತೆಯ ಸಮಿತಿ, ಬ್ಯಾಟರಿಯಿಲ್ಲದ ಅಗ್ಗದ ರೇಡಿಯೊ ಚೀಟಿಯೇ ಭಾರತಕ್ಕೆ ಸರಿ ಎಂದು ಶಿಫಾರಸು ಮಾಡಿತು. ಯುರೋಪಿನಲ್ಲಿ ಆಗಲೇ ಬ್ಯಾಟರಿ ಇರುವ ಪೆಟ್ಟಿಗೆಗಳು ಚಾಲ್ತಿಯಲ್ಲಿದ್ದವು. ಅವು ದುಬಾರಿ. ನಮ್ಮದು ಗಾಜಿಗೆ ಅಂಟಿಸುವ ತೆಳು ಹಾಳೆ, ಅದೇ ಫಾಸ್ಟ್ಯಾಗ್. ಲೇನಿನ ಮೇಲಿನ ಆಂಟೆನಾ 865ರಿಂದ 867 ಮೆಗಾಹರ್ಟ್ಸ್ ತರಂಗದಲ್ಲಿ ಕೂಗುತ್ತದೆ. ಆ ಕೂಗಿನ ಶಕ್ತಿಯನ್ನೇ ಹೀರಿಕೊಂಡು ಚೀಟಿಯ ಚಿಪ್ ತನ್ನ ಸಂಖ್ಯೆಯನ್ನು ತಿರುಗಿ ಹೇಳುತ್ತದೆ. 2014ರಲ್ಲಿ ಅಹಮದಾಬಾದ್–ಮುಂಬಯಿ ದಾರಿಯಲ್ಲಿ ಪ್ರಯೋಗವಾಗಿ ಶುರುವಾದದ್ದು 2021ರ ಫೆಬ್ರವರಿ ನಡುವಿನಿಂದ ದೇಶಕ್ಕೆಲ್ಲ ಕಡ್ಡಾಯವಾಯಿತು. ಚೀಟಿ ಇಲ್ಲದವರಿಗೆ ಎರಡು ಪಟ್ಟು ಸುಂಕ. 2025ರ ನವೆಂಬರ್ 15ರಿಂದ ಈ ಶಿಕ್ಷೆಯನ್ನು ತುಸು ಸಡಿಲಿಸಿ, ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು, ನಗದಾದರೆ ಎರಡು ಪಟ್ಟು ಎಂದು ಮಾಡಲಾಯಿತು.

ಆದರೆ ಚೀಟಿ ಹೇಳುವುದು ತನ್ನ ಗುರುತನ್ನು, ಗಾಡಿಯ ಗುರುತನ್ನಲ್ಲ. ಕಾರಿಗೆ ಪಡೆದ ನೇರಳೆ ಬಣ್ಣದ ಚೀಟಿಯನ್ನು ಲಾರಿಯ ಗಾಜಿಗೆ ಅಂಟಿಸಿದರೆ ಆಂಟೆನಾಕ್ಕೆ ಕಾರೇ ಕಾಣುತ್ತದೆ. ಚೀಟಿಯನ್ನು ಗಾಜಿಗೆ ಅಂಟಿಸದೆ ಕೈಯಲ್ಲಿ ಹಿಡಿದು, ಯಾವ ಗಾಡಿಗೆ ಬೇಕೋ ಆ ಗಾಡಿಗೆ ತೋರಿಸುವ ಜಾಣರೂ ಹುಟ್ಟಿಕೊಂಡರು. ಅದಕ್ಕೇ 2024ರಲ್ಲಿ 'ಒಂದು ವಾಹನ, ಒಂದು ಫಾಸ್ಟ್ಯಾಗ್' ನಿಯಮ ಬಂತು. 2025ರಲ್ಲಿ ಅಂಟಿಸದ ಚೀಟಿಯನ್ನು ಕಪ್ಪುಪಟ್ಟಿಗೆ ಸೇರಿಸುವುದಾಗಿ ಹೆದ್ದಾರಿ ಪ್ರಾಧಿಕಾರ ಹೇಳಿತು. ಮುಂದಿನ ಹೆಜ್ಜೆ ಸಹಜವಾಗಿಯೇ ಕ್ಯಾಮೆರಾ. ಚೀಟಿಯ ಜೊತೆಗೆ ನಂಬರ್ ಪ್ಲೇಟನ್ನೂ ಓದಿ ಎರಡನ್ನೂ ತಾಳೆ ನೋಡುವುದು.

ನಂಬರ್ ಪ್ಲೇಟ್ ಓದುವ ಯಂತ್ರವನ್ನು ಬ್ರಿಟನ್ನಿನ ಪೊಲೀಸ್ ಪ್ರಯೋಗಾಲಯ 1976ರಲ್ಲೇ ರೂಪಿಸಿತ್ತು. 2003ರಿಂದ ಲಂಡನ್ನಿನ ದಟ್ಟಣೆ ಶುಲ್ಕ ಇದನ್ನೇ ನಂಬಿ ನಡೆಯುತ್ತಿದೆ. ಅಲ್ಲಿ ಪ್ಲೇಟುಗಳೆಲ್ಲ ಒಂದೇ ಅಚ್ಚಿನವು. ನಮ್ಮಲ್ಲಿ? ಕೆಎ 29 ಬಾಗಲಕೋಟೆಯದು, ಕೆಎ 48 ಜಮಖಂಡಿಯದು ಎಂಬುದು ಕಾಗದದ ಮೇಲೆ ಸರಿ. ರಸ್ತೆಯ ಮೇಲೆ ಅದನ್ನು ಬಳ್ಳಿಯಂತೆ ಬಳುಕಿಸಿ ಬರೆಸಿದವರಿದ್ದಾರೆ, ಕನ್ನಡ ಅಂಕಿಯಲ್ಲಿ ಬರೆಸಿದ ಅಭಿಮಾನಿಗಳಿದ್ದಾರೆ, ಪ್ಲೇಟಿನ ಅರ್ಧ ಜಾಗಕ್ಕೆ ಮನೆದೇವರ ಹೆಸರು ಬರೆಸಿದವರೂ ಇದ್ದಾರೆ. ಅಭಿಮಾನಕ್ಕೆ ನಾನು ಬೇಡ ಎನ್ನಲಾರೆ, ಆದರೆ ಮೋಟಾರು ವಾಹನ ನಿಯಮ ಅದನ್ನು ಒಪ್ಪುವುದಿಲ್ಲ, ಕ್ಯಾಮೆರಾವೂ ಓದುವುದಿಲ್ಲ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಅತಿ ಸುರಕ್ಷಿತ ಪ್ಲೇಟು ಕಡ್ಡಾಯ. ಹಳೆಯ ಗಾಡಿಗಳಿಗೂ ಹಾಕಿಸಿ ಎಂದು ಕರ್ನಾಟಕ 2023ರ ಆಗಸ್ಟ್‌ನಲ್ಲಿ ಆದೇಶಿಸಿ, ಗಡುವನ್ನು ಮತ್ತೆ ಮತ್ತೆ ಮುಂದೂಡಿತು. ಇನ್ನು ಕಬ್ಬಿನ ಟ್ರೇಲರಿನ ಹಿಂಭಾಗದಲ್ಲಿ ಪ್ಲೇಟು ಇದ್ದರೂ ಅದು ಸೋಗೆಯ ಮರೆಯಲ್ಲಿ.

ಈಗ ವರ್ಗದ ಪ್ರಶ್ನೆಗೆ ಬರೋಣ. ನಿಜವಾದ ತೊಡಕು ಇರುವುದು ಇಲ್ಲಿ.

ಲಾರಿ ಚಾಲಕರನ್ನು ಕೇಳಿದರೆ ಅವರು ಗಾಲಿ ಎಣಿಸಿ ಹೇಳುತ್ತಾರೆ. ಆರು ಗಾಲಿ, ಹತ್ತು ಗಾಲಿ, ಹನ್ನೆರಡು, ಹದಿನಾಲ್ಕು. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳನ್ನು ತೆರೆದರೆ ಅಲ್ಲಿ ವ್ಯಾಖ್ಯೆ ಬಹುಪಾಲು ತೂಕದ್ದು. ಒಟ್ಟು ತೂಕ 7,500 ಕಿಲೋ ಒಳಗಿದ್ದರೆ ಲಘು ವಾಹನ, ಅಲ್ಲಿಂದ 12,000ದವರೆಗೆ ಲಘು ವಾಣಿಜ್ಯ ವಾಹನ, ಅದರ ಮೇಲೆ 20,000ದವರೆಗೆ ಟ್ರಕ್ಕು ಅಥವಾ ಬಸ್ಸು. ಅದರಾಚೆ ನಿಯಮವೂ ಅಚ್ಚಿನ ಲೆಕ್ಕಕ್ಕೆ ಹೊರಳುತ್ತದೆ: ಮೂರು ಅಚ್ಚು, ನಾಲ್ಕರಿಂದ ಆರು ಅಚ್ಚು, ಏಳು ಮತ್ತು ಮೇಲೆ. ಮೂಲದರ ಕಿಲೋಮೀಟರಿಗೆ ಕಾರಿಗೆ 65 ಪೈಸೆ, ಲಘು ವಾಣಿಜ್ಯಕ್ಕೆ 1.05 ರೂಪಾಯಿ, ಟ್ರಕ್ಕಿಗೆ 2.20, ಮೂರು ಅಚ್ಚಿನದಕ್ಕೆ 2.40, ನಾಲ್ಕರಿಂದ ಆರಕ್ಕೆ 3.45, ಏಳಕ್ಕೆ 4.20. ಇದು 2007–08ರ ಲೆಕ್ಕ. ವರ್ಷಾವರ್ಷ ಏರುತ್ತ ಬಂದಿದೆ. ಕಾರಿಗೂ ಆರು ಗಾಲಿಯ ಲಾರಿಗೂ ಮೂರು ಪಟ್ಟಿಗಿಂತ ಹೆಚ್ಚಿನ ಅಂತರ. ಹಾಗಾಗಿ ಒಂದು ಗಾಡಿ ಯಾವ ಸಾಲಿಗೆ ಸೇರಿತು ಎಂಬುದು ಹಣದ ಪ್ರಶ್ನೆ, ಜಗಳದ ಪ್ರಶ್ನೆ.

ಗಾಡಿಯ ಒಟ್ಟು ತೂಕ ನೋಂದಣಿ ಪುಸ್ತಕದಲ್ಲಿದೆ. ಲೇನಿನ ಯಂತ್ರಕ್ಕೆ ಆ ಪುಸ್ತಕ ಕಾಣದು. ಅದಕ್ಕೆ ಕಾಣುವುದು ಉದ್ದ, ಎತ್ತರ, ಆಕಾರ, ಅಚ್ಚುಗಳ ಸಂಖ್ಯೆ, ಹಿಂದಿನ ಗಾಲಿ ಒಂಟಿಯೋ ಜೋಡಿಯೋ ಎಂಬುದು. ಅಂದರೆ ಕಾನೂನು ಒಂದನ್ನು ಕೇಳುತ್ತದೆ, ಯಂತ್ರ ಇನ್ನೊಂದನ್ನು ಅಳೆಯುತ್ತದೆ, ಚೀಟಿ ನೀಡಿದ ಬ್ಯಾಂಕು ಮೂರನೆಯದನ್ನು ಬರೆದಿರುತ್ತದೆ. ಈ ಗೊಂದಲ ಎಷ್ಟು ದೂರ ಹೋಯಿತೆಂದರೆ, ಲಘು ಸರಕು ಗಾಡಿಗಳ ತಕರಾರು ತೀರಿಸಲು ಫಾಸ್ಟ್ಯಾಗ್ ವರ್ಗಪಟ್ಟಿಯಲ್ಲಿ 'ಟಾಟಾ ಏಸ್ ಮತ್ತು ಅಂಥ ಮಿನಿ ವಾಹನ' ಎಂದು ಒಂದು ಕಂಪನಿಯ ಗಾಡಿಯ ಹೆಸರಿನಲ್ಲೇ ಸಾಲು ಸೇರಿಸಬೇಕಾಯಿತು. ಬಾದಾಮಿಯಿಂದ ಪಟ್ಟದಕಲ್ಲಿಗೆ ಬಾಳೆಹಣ್ಣು ಒಯ್ಯುವ ಪುಟ್ಟ ಗಾಡಿ ಒಂದು ರಾಷ್ಟ್ರೀಯ ವರ್ಗೀಕರಣಕ್ಕೆ ತಿದ್ದುಪಡಿ ತಂದಿತು ಎಂದು ನಗಬಹುದು.

ಯಂತ್ರ ಹೇಗೆ ನೋಡುತ್ತದೆ ಎಂಬುದು ಸ್ವಾರಸ್ಯದ ಸಂಗತಿ. ಬಹಳ ಹಳೆಯದು, ಜಗತ್ತಿನಾದ್ಯಂತ 1960ರ ದಶಕದಿಂದ ಬಳಕೆಯಲ್ಲಿರುವುದು, ರಸ್ತೆಯನ್ನು ಗರಗಸದಿಂದ ಕೊರೆದು ಹೂಳುವ ತಂತಿಯ ಸುರುಳಿ. ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ತೂಗಾಡುತ್ತಿರುತ್ತದೆ. ಮೇಲೆ ಲೋಹದ ಗಾಡಿ ಬಂದರೆ ಅದರ ತಳದಲ್ಲಿ ಸುಳಿವಿದ್ಯುತ್ತು ಹುಟ್ಟಿ, ಸುರುಳಿಯ ಪ್ರೇರಕತೆ ಇಳಿದು, ತೂಗಾಟದ ವೇಗ ಏರುತ್ತದೆ. ತಳ ತಗ್ಗಿರುವ ಕಾರು ಜೋರಾದ ಗುರುತು ಬಿಡುತ್ತದೆ, ತಳ ಎತ್ತರದ ಲಾರಿ ಕ್ಷೀಣವಾದದ್ದನ್ನು, ಬೈಕು ಏನೂ ಬಿಡದೆಯೂ ಹೋಗಬಹುದು. ಲೇನು ಬಿಟ್ಟು ಎರಡು ಗಾಡಿ ಒಟ್ಟಿಗೆ ನುಗ್ಗಿದರೆ ಸುರುಳಿಗೆ ಒಂದೇ ಗಾಡಿ. ಇದಕ್ಕೆಂದೇ ಮದ್ರಾಸ್ ಐಐಟಿಯ ಸಂಶೋಧಕರು 2012ರ ಹೊತ್ತಿಗೆ ದೊಡ್ಡ ಸುರುಳಿಯೊಳಗೆ ಸಣ್ಣ ಸುರುಳಿಗಳನ್ನು ಇಟ್ಟು, ಲೇನು ಪಾಲಿಸದ ನಮ್ಮ ಮಿಶ್ರ ಸಂಚಾರದಲ್ಲೂ ಬಸ್ಸು, ಕಾರು, ಬೈಕುಗಳನ್ನು ಬೇರ್ಪಡಿಸುವ ವಿನ್ಯಾಸ ಪ್ರಕಟಿಸಿದರು.

ಹುನಗುಂದದ ನೆಲದಲ್ಲಿ ಈ ಸುರುಳಿಗೆ ಇನ್ನೊಂದು ಪರೀಕ್ಷೆಯಿದೆ. ಇಲ್ಲಿಯದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಅಡಿಯ ಮಣ್ಣು ಹೀಗೆ ಉಸಿರಾಡಿದರೆ ಮೇಲಿನ ಡಾಂಬರು ಸೀಳುತ್ತದೆ. ಸೀಳಿದ ಡಾಂಬರು ತಂತಿಯನ್ನು ಎಳೆದು ಹರಿಯುತ್ತದೆ. ಒತ್ತಡ ಬಿದ್ದರೆ ವಿದ್ಯುತ್ತು ಹೊಮ್ಮಿಸುವ ಪೀಜೊ ಪಟ್ಟಿಗಳ ಪಾಡೂ ಇದೇ. ಅಚ್ಚು ಎಣಿಸಲು ಅವು ಬಹಳ ಒಳ್ಳೆಯವು, ರಸ್ತೆ ಗಟ್ಟಿ ಇರುವವರೆಗೆ. ಟೋಲ್ ಲೇನಿನಲ್ಲಿ ಸಾಮಾನ್ಯವಾಗಿ ಕಾಂಕ್ರೀಟು ಹಾಕುವುದರಿಂದ ಅಲ್ಲಿ ಬದುಕುತ್ತವೆ. ಬಯಲು ರಸ್ತೆಯಲ್ಲಿ ವರ್ಷವಿಡೀ ಎಣಿಸಬೇಕೆಂದರೆ ನೆಲದೊಳಗಿನ ಉಪಕರಣವನ್ನು ಎರೆಯ ಮೇಲೆ ನಂಬಬಾರದು ಎಂಬುದು ನನ್ನ ಅಭಿಪ್ರಾಯ.

ಅದಕ್ಕಾಗಿಯೇ ನೆಲ ಬಿಟ್ಟು ಗಾಳಿಯಲ್ಲಿ ನೋಡುವ ಉಪಕರಣಗಳು ಬಂದವು. ಲೇನಿನ ಎರಡು ಬದಿಗೆ ಎದುರುಬದುರು ನಿಲ್ಲಿಸಿದ ಕಂಬಗಳ ನಡುವೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು ಒಂದರ ಮೇಲೊಂದು ಹರಡಿರುತ್ತವೆ. ಗಾಡಿ ಹಾದುಹೋದಂತೆ ಯಾವ ಕಿರಣ ಎಷ್ಟು ಹೊತ್ತು ಕಡಿಯಿತು ಎಂಬುದರಿಂದ ಅದರ ಪಕ್ಕದ ನೆರಳುಚಿತ್ರ ಮೂಡುತ್ತದೆ. ಬಸ್ಸಿನದು ಪೆಟ್ಟಿಗೆ, ಕಾರಿನದು ಗೂನು, ಟ್ಯಾಂಕರಿನದು ಉರುಟು. ಕೆಳಗಿನ ಕಿರಣಗಳು ಗಾಲಿ ಎಣಿಸುತ್ತವೆ. ಮೇಲಿನಿಂದ ನೋಡುವ ಲೇಸರ್ ಸ್ಕ್ಯಾನರ್ ಇದ್ದರೆ ಚಿತ್ರಕ್ಕೆ ಅಗಲವೂ ಸೇರುತ್ತದೆ. ಇವಕ್ಕೆ ಇಲ್ಲಿಯ ಶತ್ರು ಧೂಳು. ಕಲ್ಲಿನ ಪುಡಿ ಹಾರುವ ಕಡೆ ಗಾಜು ಒರೆಸುವ ಆಳಿಲ್ಲದಿದ್ದರೆ ಎಂಥ ಯಂತ್ರವೂ ಕುರುಡು.

ಆಮೇಲೆ ಎತ್ತುವ ಅಚ್ಚಿನ ಸಮಸ್ಯೆ. ಹನ್ನೆರಡು, ಹದಿನಾಲ್ಕು ಗಾಲಿಯ ಲಾರಿಗಳಲ್ಲಿ ಒಂದು ಅಚ್ಚನ್ನು ಖಾಲಿಯಿದ್ದಾಗ ನೆಲದಿಂದ ಮೇಲೆತ್ತಬಹುದು. ಟೈರು ಉಳಿಯುತ್ತದೆ, ಡೀಸೆಲ್ ಉಳಿಯುತ್ತದೆ. ಇಳಕಲ್ಲಿಗೆ ಕಲ್ಲು ತುಂಬಲು ಬರುವಾಗ ಲಾರಿ ಒಂದು ವರ್ಗ, ತುಂಬಿ ಹೋಗುವಾಗ ಇನ್ನೊಂದು. ಚೀಟಿಗೆ ಎರಡೂ ಒಂದೇ. ಪೀಜೊ ಪಟ್ಟಿಗೆ ಎರಡೂ ಬೇರೆ. ಯಾವುದು ಸರಿ? ಸುಂಕದ ದೃಷ್ಟಿಯಲ್ಲಿ ಚೀಟಿ ಸರಿ, ರಸ್ತೆಗಾಗುವ ಸವೆತದ ದೃಷ್ಟಿಯಲ್ಲಿ ಪಟ್ಟಿ ಸರಿ.

ಇಲ್ಲೊಂದು ಮಾತು ಹೇಳಲೇಬೇಕು. ಈ ವರ್ಗೀಕರಣ ಯಂತ್ರಗಳನ್ನು ಟೋಲ್ ಲೇನಿಗೆ ತಂದಾಗ ಕಾವಲು ಕಾಯಬೇಕಾಗಿದ್ದದ್ದು ಚಾಲಕನನ್ನಲ್ಲ, ಗೂಡಿನೊಳಗೆ ಕೂತ ವಸೂಲಿಗಾರನನ್ನು. ನಗದು ಕಾಲದಲ್ಲಿ ಲಾರಿಯಿಂದ ಲಾರಿಯ ಹಣ ಪಡೆದು ಕಾರಿನ ರಸೀದಿ ಒತ್ತಿದರೆ ನಡುವಿನ ಹಣ ಜೇಬಿಗೆ. ಆದ್ದರಿಂದ ಯಂತ್ರ ತಾನಾಗಿ ವರ್ಗ ಮಾಡಬೇಕು, ಗೂಡಿನವನು ಒತ್ತಿದ ವರ್ಗದೊಂದಿಗೆ ಅದನ್ನು ತಾಳೆ ನೋಡಬೇಕು, ತಾಳೆಯಾಗದಿದ್ದರೆ ಆ ಕ್ಷಣದ ಚಿತ್ರ ಲೆಕ್ಕ ತನಿಖೆಗೆ ಹೋಗಬೇಕು. ಫಾಸ್ಟ್ಯಾಗ್ ಬಂದ ಮೇಲೂ ಈ ಕಾವಲು ಬೇಡವಾಗಿಲ್ಲ. 2025ರ ಜನವರಿಯಲ್ಲಿ ಉತ್ತರ ಪ್ರದೇಶದ ಮಿರ್ಜಾಪುರದ ಒಂದು ಟೋಲ್‌ನಲ್ಲಿ, ಚೀಟಿಯಿಲ್ಲದ ಗಾಡಿಗಳ ಹಣವನ್ನು ಬೇರೊಂದು ತಂತ್ರಾಂಶದಲ್ಲಿ ಬರೆದು ನುಂಗುತ್ತಿದ್ದ ಜಾಲ ಸಿಕ್ಕಿಬಿತ್ತು. ಮಾರ್ಚ್‌ನಲ್ಲಿ ಹೆದ್ದಾರಿ ಪ್ರಾಧಿಕಾರ 14 ಸಂಸ್ಥೆಗಳನ್ನು ಹೊರಗಿಟ್ಟಿತು. ಯಂತ್ರದ ಎಣಿಕೆಯನ್ನು ದಿನವೂ ಹಣದ ಎಣಿಕೆಯೊಂದಿಗೆ ಹೊರಗಿನವರು ಯಾರಾದರೂ ಹೋಲಿಸುತ್ತಿದ್ದರೆ ಇಂಥದ್ದು ಹೆಚ್ಚು ದಿನ ನಡೆಯದು.

ಹೀಗೆ ಸುಂಕಕ್ಕಾಗಿ ಹುಟ್ಟಿದ ಯಂತ್ರಕ್ಕೆ ಸುಂಕ ಕೊಡದವರು ಕಾಣುವುದಿಲ್ಲ. 2008ರ ನಿಯಮದಂತೆ ದ್ವಿಚಕ್ರ, ತ್ರಿಚಕ್ರ, ಟ್ರ್ಯಾಕ್ಟರ್, ಎತ್ತಿನ ಗಾಡಿಗಳಿಗೆ ಸುಂಕವಿಲ್ಲ. ಇದು ನ್ಯಾಯವೇ, ರೈತನ ಟ್ರ್ಯಾಕ್ಟರಿಗೆ ಸುಂಕ ಹಾಕಿ ಎಂದು ನಾನಂತೂ ಹೇಳುತ್ತಿಲ್ಲ. ಆದರೆ ಸುಂಕವಿಲ್ಲದ ಗಾಡಿ ಬದಿಯ ಲೇನಿನಲ್ಲಿ ಹಾದುಹೋಗುತ್ತದೆ, ಅಲ್ಲಿ ಕಿರಣದ ಕಂಬವಿದ್ದರೂ ಅದರ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್‌ನ ಕೋಷ್ಟಕವನ್ನು ಪಕ್ಕಕ್ಕಿಟ್ಟು ನೋಡಿ. ಹಳ್ಳಿಗಾಡಿನ ರಸ್ತೆಯ ಸಾಮರ್ಥ್ಯ ಲೆಕ್ಕ ಹಾಕಲು 1990ರಲ್ಲಿ ಅದು ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಕಾರು ಒಂದು ಎಂದಾದರೆ ಬೈಕು ಅರ್ಧ, ಲಾರಿ ಅಥವಾ ಬಸ್ಸು ಮೂರು, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ನಾಲ್ಕೂವರೆ, ದೊಡ್ಡ ಎತ್ತಿನ ಗಾಡಿ ಎಂಟು. ರಸ್ತೆ ಕಟ್ಟುವವನ ಕಣ್ಣಿಗೆ ಲಾರಿಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ಕಾಣುವ ಗಾಡಿ, ಸುಂಕ ಎತ್ತುವವನ ಯಂತ್ರಕ್ಕೆ ಸೊನ್ನೆ.

ಬಾಗಲಕೋಟೆ ಜಿಲ್ಲೆಯಲ್ಲಿ ಈ ಸೊನ್ನೆ ಸಣ್ಣದಲ್ಲ. ಮುಧೋಳ, ಜಮಖಂಡಿ, ಬೀಳಗಿ ಸುತ್ತ ಸಕ್ಕರೆ ಕಾರ್ಖಾನೆಗಳ ಸಾಲೇ ಇದೆ. ಅಕ್ಟೋಬರ್–ನವೆಂಬರಿನಲ್ಲಿ ನುರಿಸಲು ಶುರುವಾದರೆ ಬೇಸಿಗೆ ಹತ್ತಿರವಾಗುವವರೆಗೆ ಹಗಲಿರುಳು ಕಬ್ಬಿನ ಟ್ರ್ಯಾಕ್ಟರ್. ಎರಡು ಟ್ರೇಲರ್ ಸೇರಿದರೆ ಅಚ್ಚು ಆರರವರೆಗೂ ಆಗುತ್ತದೆ. ಅಚ್ಚನ್ನಷ್ಟೇ ಎಣಿಸುವ ಯಂತ್ರ ಇದನ್ನು ಬಹು ಅಚ್ಚಿನ ಲಾರಿ ಎಂದೀತು. ಕಿರಣದ ಕಂಬ ಟ್ರೇಲರುಗಳ ನಡುವಿನ ಕೊಂಡಿಯನ್ನು ಹಿಡಿಯದೆ ಹೋದರೆ ಮೂರು ಬೇರೆ ಬೇರೆ ಗಾಡಿ ಎಂದೀತು. ಸೋಗೆ ಚಾಚಿ ಕಿರಣಗಳನ್ನೆಲ್ಲ ಮುಚ್ಚಿದರೆ ಅದು ಉದ್ದನೆಯ ಪೆಟ್ಟಿಗೆ, ಅಂದರೆ ಬಸ್ಸು. ಒಂದೇ ಗಾಡಿಗೆ ಮೂರು ತಪ್ಪು ಹೆಸರು. ಇತ್ತ ರಾತ್ರಿ ಹಿಂದಿನಿಂದ ಬರುವ ಕಾರಿನವನಿಗೂ ಅದು ಕಾಣುವುದಿಲ್ಲ; ಪ್ರತಿ ಹಂಗಾಮಿನಲ್ಲೂ ಪೊಲೀಸರು ಟ್ರೇಲರಿಗೆ ಪ್ರತಿಫಲಕ ಪಟ್ಟಿ ಅಂಟಿಸುವ ಅಭಿಯಾನ ಮಾಡುವುದು ಅದಕ್ಕೇ.

ಎಣಿಸುವ ಹಳೆಯ ಪದ್ಧತಿ ಈ ವಿಷಯದಲ್ಲಿ ಯಂತ್ರಕ್ಕಿಂತ ಜಾಣತನ ತೋರಿತ್ತು. ನಗರದಾಚೆಯ ರಸ್ತೆಗಳ ಸಂಚಾರ ಗಣತಿಗೆ ರಸ್ತೆ ಕಾಂಗ್ರೆಸ್ 1972ರಲ್ಲಿ ಕೊಟ್ಟ ಸೂಚನೆ ಹೀಗಿದೆ: ವರ್ಷಕ್ಕೆ ಎರಡು ಸಲ, ಪ್ರತಿ ಸಲ ಏಳು ದಿನ, ಹಗಲೂ ರಾತ್ರಿ, ಒಂದು ಸಲ ಸುಗ್ಗಿ ಮತ್ತು ಮಾರಾಟದ ಭರದಲ್ಲಿ, ಇನ್ನೊಂದು ಸಲ ಬಿಡುವಿನ ಕಾಲದಲ್ಲಿ. ರಸ್ತೆ ಬದಿಯ ಗುಡಾರದಲ್ಲಿ ಕೂತ ಎಣಿಕೆಗಾರ ಎತ್ತಿನ ಗಾಡಿಗೂ ಒಂದು ಗೀಟು ಎಳೆಯುತ್ತಿದ್ದ. ನಿದ್ದೆ ಬಂದಾಗ ಅಂದಾಜಿನಲ್ಲಿ ಎಳೆಯುತ್ತಿದ್ದ ಎಂಬುದೂ ಎಲ್ಲರಿಗೂ ಗೊತ್ತಿದ್ದದ್ದೇ. ಆ ಪದ್ಧತಿಯ ದೊಡ್ಡ ಕೊರತೆ ಬೇರೆ. ಪುಷ್ಯಮಾಸದಲ್ಲಿ ಬಾದಾಮಿಯ ಬನಶಂಕರಿ ಜಾತ್ರೆ ನಡೆಯುವಾಗ ಚೊಳಚಗುಡ್ಡದ ದಾರಿಯಲ್ಲಿ ಓಡುವ ಬಸ್ಸು, ಚಕ್ಕಡಿ, ಟ್ರ್ಯಾಕ್ಟರ್, ನಾಟಕ ಕಂಪನಿಯ ಸಾಮಾನಿನ ಲಾರಿಗಳ ಭರಾಟೆ, ಗಣತಿಯ ಆ ಎರಡು ವಾರದೊಳಗೆ ಬಿದ್ದರೆ ರಸ್ತೆಗೆ ಒಂದು ಹಣೆಬರಹ, ಬೀಳದಿದ್ದರೆ ಇನ್ನೊಂದು. ಅಂಥ ಕಡೆ ವರ್ಷವಿಡೀ ಎಣಿಸುವ ಯಂತ್ರವೇ ಬೇಕು, ಮತ್ತು ಆ ಯಂತ್ರಕ್ಕೆ ಚಕ್ಕಡಿಯೂ ತಿಳಿದಿರಬೇಕು.

ಕ್ಯಾಮೆರಾ ಮತ್ತು ಕೃತಕ ಬುದ್ಧಿಮತ್ತೆ ಈ ಕೆಲಸಕ್ಕೆ ತಕ್ಕವು. ಒಂದೇ ಕಂಬ, ನೆಲ ಕೊರೆಯುವ ಗೋಜಿಲ್ಲ, ಹಲವು ಲೇನುಗಳನ್ನು ಒಟ್ಟಿಗೆ ನೋಡುತ್ತದೆ. ಆದರೆ ಈ ಬುದ್ಧಿ ತಾನು ಕಂಡ ಚಿತ್ರಗಳಿಂದಲೇ ಕಲಿಯುತ್ತದೆ. ಜಗತ್ತಿನ ಹೆಚ್ಚಿನ ಚಿತ್ರಗುರುತು ಕಾರ್ಯಕ್ರಮಗಳ ಪಾಠಶಾಲೆಯಾಗಿರುವ, 2014ರಲ್ಲಿ ಬಂದ 'ಕೊಕೊ' ಎಂಬ ಚಿತ್ರಸಂಗ್ರಹದಲ್ಲಿ 80 ಬಗೆಯ ವಸ್ತುಗಳಿವೆ. ಸೈಕಲ್, ಕಾರು, ಬೈಕು, ಬಸ್ಸು, ಟ್ರಕ್ಕು ಇವೆ. ಆಟೊ ಇಲ್ಲ, ಟ್ರ್ಯಾಕ್ಟರ್ ಇಲ್ಲ. ಹೈದರಾಬಾದಿನ ಟ್ರಿಪಲ್ ಐಟಿ 2018ರಲ್ಲಿ ಹೈದರಾಬಾದ್ ಮತ್ತು ಬೆಂಗಳೂರಿನ ರಸ್ತೆಗಳ 10,000 ಚಿತ್ರಗಳ ಭಾರತೀಯ ಸಂಗ್ರಹ ಹೊರತಂದಾಗ ಆಟೊಕ್ಕೆ ಜಾಗ ಸಿಕ್ಕಿತು. 2025ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಗರದ ಸುರಕ್ಷತಾ ಕ್ಯಾಮೆರಾಗಳ ಸುಮಾರು 26 ಸಾವಿರ ಚಿತ್ರಗಳಲ್ಲಿ 14 ಬಗೆಯ ವಾಹನಗಳನ್ನು ಗುರುತು ಮಾಡಿ ಎಲ್ಲರಿಗೂ ತೆರೆದಿಟ್ಟರು. ಒಳ್ಳೆಯ ಕೆಲಸ. ಆದರೆ ಬೆಂಗಳೂರಿನ ಕ್ಯಾಮೆರಾಕ್ಕೆ ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರ್ ಎಲ್ಲಿ ಸಿಗಬೇಕು? ಅದರ ಚಿತ್ರಗಳನ್ನು ಲೋಕಾಪುರದಲ್ಲಿ, ಗದ್ದನಕೇರಿ ಕ್ರಾಸಿನಲ್ಲಿ, ಜನವರಿಯ ನಡುರಾತ್ರಿ, ಮಂಜಿನಲ್ಲಿ ತೆಗೆಯಬೇಕು.

ಕ್ಯಾಮೆರಾಕ್ಕೂ ಕಾಣದ ಒಂದು ಸಂಗತಿ ಭಾರ. ಇಳಕಲ್ಲಿನ ಗ್ರಾನೈಟು ನೋಡಲು ಚಿಕ್ಕದು, ತೂಕದಲ್ಲಿ ಪ್ರಚಂಡ. ಅಮೆರಿಕದ ಇಲಿನಾಯ್ ರಾಜ್ಯದ ಒಟಾವಾದಲ್ಲಿ 1958ರಿಂದ ಎರಡು ವರ್ಷ ಹಗಲಿರುಳು ಲಾರಿ ಓಡಿಸಿ ಮಾಡಿದ ಪ್ರಯೋಗದಿಂದ ಹೊರಬಂದ ಸೂತ್ರ ಇಂದಿಗೂ ರಸ್ತೆ ಎಂಜಿನಿಯರುಗಳ ಕೈಪಿಡಿಯಲ್ಲಿದೆ: ರಸ್ತೆಗಾಗುವ ಹಾನಿ ಅಚ್ಚಿನ ಭಾರದ ಹೆಚ್ಚುಕಡಿಮೆ ನಾಲ್ಕನೆಯ ಘಾತಕ್ಕೆ ಏರುತ್ತದೆ. ಭಾರ ಇಮ್ಮಡಿಯಾದರೆ ಹಾನಿ ಹದಿನಾರು ಪಟ್ಟು. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5ಕ್ಕೆ ಏರಿಸಿತು. ಕೇಳಲು ಸಣ್ಣ ಏರಿಕೆ. ಸೂತ್ರಕ್ಕೆ ಹಾಕಿದರೆ ಹಾನಿ ಒಂದೂವರೆ ಪಟ್ಟಿಗಿಂತ ಹೆಚ್ಚು, 1.6 ಪಟ್ಟು. ಇದು ಕಾನೂನುಬದ್ಧ ಭಾರದ ಮಾತು. ಅದಕ್ಕೂ ಮೀರಿದ್ದನ್ನು ಹಿಡಿಯಲು ಗಾಡಿ ಚಲಿಸುತ್ತಿರುವಾಗಲೇ ತೂಗುವ ಯಂತ್ರಗಳಿವೆ, ನಿಧಾನ ವೇಗದವು ಟೋಲ್ ಲೇನುಗಳಲ್ಲೇ ಇವೆ. ಕಲ್ಲು ಸಾಗುವ ದಾರಿಯಲ್ಲಿ ಯಾವ ಉಪಕರಣಕ್ಕಾದರೂ ಮೊದಲು ಹಣ ಹಾಕುವುದಿದ್ದರೆ ಇದಕ್ಕೆ ಹಾಕಬೇಕು. ಇಳಕಲ್ಲಿನಿಂದ ಹೊರಡುವ ಗಾಡಿಯ ವರ್ಗ ಯಾವುದು ಎಂಬುದಕ್ಕಿಂತ ಅದರ ಪ್ರತಿ ಅಚ್ಚಿನ ಮೇಲೆ ಎಷ್ಟು ಟನ್ನಿದೆ ಎಂಬುದು ಹುನಗುಂದ–ಹೊಸಪೇಟೆ ರಸ್ತೆಯ ಆಯುಷ್ಯವನ್ನು ನಿರ್ಧರಿಸುತ್ತದೆ.

ಮುಂದೇನು? ಕೆನಡಾದ ಟೊರಾಂಟೊ ಹತ್ತಿರದ 407 ಹೆದ್ದಾರಿ 1997ರಲ್ಲೇ ಗೇಟಿಲ್ಲದೆ, ಗೂಡಿಲ್ಲದೆ, ಮೇಲಿನ ಕಮಾನಿನ ಆಂಟೆನಾ ಮತ್ತು ಕ್ಯಾಮೆರಾಗಳಿಂದಷ್ಟೇ ಸುಂಕ ಎತ್ತಲು ತೊಡಗಿತು. ಜರ್ಮನಿ 2005ರಲ್ಲಿ 12 ಟನ್ನಿನ ಮೇಲಿನ ಲಾರಿಗಳಿಗೆ ಉಪಗ್ರಹ ಆಧಾರಿತ ಸುಂಕ ತಂದು, ಮಿತಿಯನ್ನು ಇಳಿಸುತ್ತ ಬಂದು, 2024ರ ಜುಲೈಯಲ್ಲಿ ಮೂರೂವರೆ ಟನ್ನಿನ ಮೇಲಿನವಕ್ಕೂ ವಿಸ್ತರಿಸಿತು. ಭಾರತವೂ ಉಪಗ್ರಹದ ಪ್ರಯೋಗವನ್ನು ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮತ್ತು ಹರಿಯಾಣದ ಪಾಣಿಪತ್–ಹಿಸಾರ್ ದಾರಿಯಲ್ಲಿ ಕೈಗೊಂಡಿತು. 2024ರ ಸೆಪ್ಟೆಂಬರಿನಲ್ಲಿ ನಿಯಮವನ್ನೂ ತಿದ್ದಿತು. ಮರುವರ್ಷದ ಹೊತ್ತಿಗೆ ಒಲವು ಬದಲಾಗಿ, ಚೀಟಿ ಮತ್ತು ಪ್ಲೇಟು ಎರಡನ್ನೂ ಓದುವ, ಗೇಟಿಲ್ಲದ ಕಮಾನಿನ ಕಡೆಗೆ ತಿರುಗಿತು. ಸೂರತ್ ಬಳಿಯ ಚೋರ್ಯಾಸಿ ಟೋಲನ್ನು ಹೀಗೆ ಬದಲಿಸಲು 2025ರ ಆಗಸ್ಟ್‌ನಲ್ಲಿ ಒಪ್ಪಂದವಾಯಿತು.

ಗೇಟು ಹೋದರೆ ಸರತಿ ಹೋಗುತ್ತದೆ, ಸಂತೋಷ. ಆದರೆ ಗೇಟು ಇದ್ದಾಗ ವರ್ಗದ ತಪ್ಪನ್ನು ಅಲ್ಲೇ ನಿಂತು ಜಗಳವಾಡಿ ಸರಿಪಡಿಸಿಕೊಳ್ಳಬಹುದಿತ್ತು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಮಾನಿನಡಿ ಹಾದವನಿಗೆ ತಪ್ಪು ಗೊತ್ತಾಗುವುದು ಮೊಬೈಲಿಗೆ ಸಂದೇಶ ಬಂದಾಗ. ಇಂಗ್ಲಿಷಿನ ಆ ಸಂದೇಶ ಓದಿ, ಬ್ಯಾಂಕಿನ ಸಹಾಯವಾಣಿಗೆ ಫೋನು ಹಚ್ಚಿ ತನ್ನ ಗಾಡಿಯ ವರ್ಗ ಸಾಬೀತು ಮಾಡಬೇಕಾದವನು ಇಳಕಲ್ಲಿನ ಸೀರೆಗಂಟು ಸಾಗಿಸುವ ಪಿಕಪ್ಪಿನ ಚಾಲಕ. ಜೊತೆಗೆ, ಪ್ರತಿ ಕಮಾನೂ ಯಾರು ಎಲ್ಲಿಗೆ ಎಷ್ಟು ಹೊತ್ತಿಗೆ ಹೋದರೆಂಬ ದಾಖಲೆ ಬರೆಯುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಎಣಿಸಲು ಗುರುತು ಬೇಕಿಲ್ಲ ಎಂಬುದನ್ನು ಯೋಜನೆ ಮಾಡುವವರು ಮರೆಯಬಾರದು. ರಸ್ತೆ ಯೋಜನೆಗೆ ಬೇಕಾದ್ದು ಎಷ್ಟು ಟ್ರ್ಯಾಕ್ಟರ್ ಹೋದವು ಎಂಬುದು, ಯಾರ ಟ್ರ್ಯಾಕ್ಟರ್ ಎಂಬುದಲ್ಲ.

ಬೆಳಗಾವಿ–ಹುನಗುಂದ–ರಾಯಚೂರು ದಾರಿ ಅಗಲವಾಗುವ ಕಾಲ ಇದು. ಹೊಸ ಕಂಬಗಳು ಏಳುತ್ತವೆ, ಹೊಸ ಯಂತ್ರಗಳ ಟೆಂಡರುಗಳು ಬರುತ್ತವೆ. ಟೆಂಡರು ಬರೆಯುವ ಅಧಿಕಾರಿಗಳಲ್ಲಿ ಕೇಳಿಕೊಳ್ಳುವುದಿಷ್ಟು: ವರ್ಗಗಳ ಪಟ್ಟಿಯಲ್ಲಿ 'ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್' ಎಂದು ಒಂದು ಸಾಲು ಸೇರಿಸಿ, ಯಂತ್ರವನ್ನು ಒಪ್ಪಿಕೊಳ್ಳುವ ಮುನ್ನ ಅದರ ನಿಖರತೆಯನ್ನು ಕಬ್ಬಿನ ಹಂಗಾಮಿನ ರಾತ್ರಿಯಲ್ಲಿ ಪರೀಕ್ಷಿಸಿ, ಸುಂಕ ಕೊಡದ ಗಾಡಿಗಳ ದಿನದ ಎಣಿಕೆಯನ್ನೂ ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಕಟಿಸಿ.